ಸೋತರೆ ಪಾವಗಡ, ಗೆದ್ದರೆ ಮಧುಗಿರಿ

ತುಮಕೂರು ಜಿಲ್ಲೆ ಕಂದಾಯದ ಲೆಕ್ಕದಲ್ಲಿ ಒಂದೇ. ಶಾಲೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂದು ಹೆಸರಿಟ್ಟಿದೆ. ಇಂಥದೊಂದು ಜಿಲ್ಲೆ ನೆನಪಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ಎನ್ನುವವರು ಶಾಲಾ ಕ್ರೀಡಾಕೂಟ ನೋಡಿಲ್ಲವೆಂದೇ ಅರ್ಥ.

ಅಲ್ಲಿ ನಾಲ್ಕು ತಾಲ್ಲೂಕುಗಳದೂ ದಾಯಾದಿ ಮತ್ಸರ. ಮಧುಗಿರಿಯವರಿಗೆ ಬೆನ್ನ ಹಿಂದೆ ಏಕಶಿಲಾ ಬೆಟ್ಟವಿದೆ ಎಂಬ ಜಂಬ. ಶಿರಾದವರಿಗೆ ಮೊಗಲರ ಸುಬೇದಾರ ತಮ್ಮೂರಲ್ಲಿ ಕೂತು ಆಳಿದ್ದ ಎಂಬ ಗತ್ತು. ಕೊರಟಗೆರೆಯವರಿಗೆ ಸಿದ್ಧರಬೆಟ್ಟದ ಬಲ. ಪಾವಗಡದವರದು ಶನಿಮಹಾತ್ಮನ ಊರು, ಆಂಧ್ರದ ಗಡಿ. ‘ರೈಡಿಗೆ ಬರುವಾಗ ಕನ್ನಡ, ಸಿಕ್ಕಿಬಿದ್ದಾಗ ತೆಲುಗು’ ಎಂದು ಉಳಿದವರು ಛೇಡಿಸುವುದುಂಟು.

ಆ ಪಾವಗಡದ ಕಡೆಯ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಬಡ್ಡಿ ಆಡುತ್ತಿದ್ದಳು. ಹಿಂದಿನ ವರ್ಷ ಮಧುಗಿರಿಯ ಎದುರು ಒಂದೇ ಅಂಕದಿಂದ ಸೋತು, ಬಸ್ಸಿನಲ್ಲಿ ಯಾರೊಡನೆಯೂ ಮಾತಾಡದೆ ಊರಿಗೆ ಮರಳಿದ್ದಳು. ‘ಈ ಸಲ ಪರೀಕ್ಷೆಯ ವರ್ಷ. ಆಟ ಸಾಕು’ ಎಂದ ಅಪ್ಪ. ಕಡಲೆಕಾಯಿ ಬೆಳೆದು ಮಳೆಗೆ ಕಾಯುವ ಮನುಷ್ಯ. ಅಂಕವೆಂದರೆ ಅವನಿಗೆ ಉತ್ತರಪತ್ರಿಕೆಯದೇ. ಕೊನೆಗೆ ಅಮ್ಮನ ಶಿಫಾರಸಿನಿಂದ ಒಪ್ಪಿದ, ತಾನೂ ಜತೆಗೆ ಬರುವ ಷರತ್ತಿನ ಮೇಲೆ.

ಎದುರಾಳಿ ಮತ್ತೆ ಮಧುಗಿರಿಯೇ. ಆಟದ ನಡುವೆ ಮಗಳು ಔಟಾಗಿ ಹೊರಗೆ ಕೂತಾಗ ಅಪ್ಪ ‘ಮುಗೀತಲ್ಲ, ಹೊರಡೋಣ’ ಎಂದು ಎದ್ದೇಬಿಟ್ಟ. ‘ಕೂತ್ಕೊಳ್ಳಿ ಯಜಮಾನರೇ, ಇದು ಸತ್ತವರು ಎದ್ದು ಬರುವ ಆಟ’ ಎಂದು ಮೇಷ್ಟ್ರು ತಡೆದರು. ಸುಳ್ಳಲ್ಲ. ಎದುರು ಪಕ್ಷದ ಒಬ್ಬರು ಔಟಾದರೆ ಈ ಪಕ್ಷದ ಒಬ್ಬರು ಒಳಗೆ ಬರುತ್ತಾರೆ. ಮಗಳು ಹಾಗೆಯೇ ಮರಳಿ ಬಂದಳು. ಪಾವಗಡ ಗೆದ್ದಿತು.

ತಮಾಷೆ ಇರುವುದು ಇಲ್ಲಿಂದ ಮುಂದೆ. ವಿಭಾಗ ಮಟ್ಟದಲ್ಲಿ ತಂಡ ಕರೆಸಿಕೊಳ್ಳುವುದು ಶೈಕ್ಷಣಿಕ ಜಿಲ್ಲೆಯ ಹೆಸರಿನಿಂದ. ಚಿತ್ರದುರ್ಗ, ಕೋಲಾರ, ಶಿವಮೊಗ್ಗ ಎಂಬ ಹೆಸರುಗಳ ನಡುವೆ ಪಾವಗಡಕ್ಕೆ ಜಾಗವಿಲ್ಲ. ಗೆದ್ದವರು ಶಿರಾದವರಾಗಲಿ, ಕೊರಟಗೆರೆಯವರಾಗಲಿ, ಅಲ್ಲಿ ಅವರು ‘ಮಧುಗಿರಿ’. ಯಾರನ್ನು ಸೋಲಿಸಲು ವರ್ಷವಿಡೀ ಬೆವರು ಹರಿಸಿದರೋ ಅವರ ಹೆಸರನ್ನೇ ಹೊತ್ತು ಆಡಬೇಕು! ಹುಡುಗಿಯ ಮುಖ ಸಣ್ಣದಾಯಿತು. ಅಷ್ಟರಲ್ಲಿ ಸೋತ ಮಧುಗಿರಿಯ ಹುಡುಗಿಯೊಬ್ಬಳು ಬಸ್ಸಿನ ಕಿಟಕಿಯ ಬಳಿ ಬಂದು ತನ್ನ ಮಂಡಿಪಟ್ಟಿ ಬಿಚ್ಚಿ ಕೊಟ್ಟಳು: ‘ನಮ್ಮೂರ ಹೆಸರು ತಗೊಂಡು ಹೋಗ್ತಿದೀಯ. ಜೋಪಾನ.’

ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಎಂಬ ಆಟವಿದೆ. ಕೌಂಟಿಗಳೆಂದರೆ ಅಲ್ಲಿನ ಜಿಲ್ಲೆಗಳು. ಆಟಗಾರರು ಸಂಬಳವಿಲ್ಲದೆ ತಮ್ಮ ಕೌಂಟಿಗಾಗಿ ಆಡುತ್ತಾರೆ. 1991ರಲ್ಲಿ ಡಬ್ಲಿನ್ ಮತ್ತು ಮೀತ್ ಎಂಬ ಅಕ್ಕಪಕ್ಕದ ಕೌಂಟಿಗಳ ಪಂದ್ಯ ಮೂರು ಸಲ ಸಮವಾಗಿ, ನಾಲ್ಕನೆಯದರಲ್ಲಿ ಮೀತ್ ಒಂದೇ ಪಾಯಿಂಟಿನಿಂದ ಗೆದ್ದಿತು. ಅಷ್ಟು ಹಠ ಹುಟ್ಟುವುದು ನೆರೆಯವರ ಮೇಲೆಯೇ. ದೂರದವರೊಡನೆ ಪೈಪೋಟಿ ಇರಬಹುದು. ಜಿದ್ದು ಇರುವುದು ಬೇಲಿಯಾಚೆಯವರೊಡನೆ. ನಮ್ಮನ್ನು ಚೆನ್ನಾಗಿ ಆಡುವಂತೆ ಮಾಡುವವರೂ ಅವರೇ.

ಹಳ್ಳಿಯ ಅಂಗಳದ ಕಬಡ್ಡಿ ಎಲ್ಲಿಗೂ ಮುಟ್ಟಿಸದು ಎನ್ನುವಂತಿಲ್ಲ. ಕಾರ್ಕಳ ತಾಲ್ಲೂಕಿನ ಹಳ್ಳಿಯ ಮಮತಾ ಪೂಜಾರಿ ರೈಲ್ವೆಯಲ್ಲಿ ಕೆಲಸ ಹಿಡಿದು, 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಆಡಿದರು. ಮಹಿಳೆಯರ ಕಬಡ್ಡಿ ಆ ಕೂಟ ಸೇರಿದ್ದೇ ಆ ವರ್ಷ. ಹಾಗೆಂದು ಎಲ್ಲ ಮಕ್ಕಳೂ ಅಲ್ಲಿಗೆ ತಲುಪುವುದಿಲ್ಲ. ಪಾವಗಡದ ಈ ಹುಡುಗಿಯ ತಂಡ ವಿಭಾಗ ಮಟ್ಟದಲ್ಲೇ ಸೋತು ಹಿಂತಿರುಗಿತು. ಅವಳು ಪುಸ್ತಕ ಹಿಡಿದು ಕೂತಳು. ಮಂಡಿಪಟ್ಟಿ ಒಗೆದು ಹಗ್ಗದ ಮೇಲೆ ಹರವಿದ್ದಳು, ವಾಪಸು ಕೊಡಬೇಕಲ್ಲ.

ಸಂಜೆ ಅರಳಿಕಟ್ಟೆಯಲ್ಲಿ ಯಾರೋ ಅಪ್ಪನನ್ನು ಕೇಳಿದರು: ‘ಏನಾಯ್ತಪ್ಪಾ ಆಟ?’

ಅವನು ಟವೆಲ್ಲು ಕೊಡವಿ ಹೆಗಲಿಗೇರಿಸಿ ಹೇಳಿದ: ‘ಸ್ವಲ್ಪದರಲ್ಲಿ ಹೋಯ್ತು ಕಣಯ್ಯಾ, ನಮ್ಮ ಮಧುಗಿರಿ.’