ಮಳೆಯ ದಿನದ ರೊಕ್ಕ

ಕುಕನೂರಿನಲ್ಲಿ ಮಿರಗದ ಮಳೆ ಕೈಕೊಟ್ಟ ವರ್ಷ ಅದು. ಹತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟು ಹೇಳಿಕೊಡುತ್ತಿದ್ದೆ. 'ಸೇವ್ ಫಾರ್ ಎ ರೇನಿ ಡೇ' ಎಂದು ಬೋರ್ಡಿನ ಮೇಲೆ ಬರೆದು ಅರ್ಥ ಕೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಮಳಿ ಬರೋ ದಿನಕ್ಕಂತ ರೊಕ್ಕ ಕೂಡಿಡಬೇಕ್ರಿ ಸರ್. ಮಳಿ ಬಿದ್ದ ಕೂಡ್ಲೇ ಹೆಸರಿನ ಬೀಜ ತರಬೇಕು, ಗೊಬ್ಬರ ತರಬೇಕು. ಕೈಯಾಗ ರೊಕ್ಕ ಇಲ್ಲಂದ್ರ ಹಸಿ ಆರಿ ಹೋಗತೈತಿ."

ಕಷ್ಟಕಾಲಕ್ಕೆಂದು ಉಳಿಸುವುದು ಎಂದು ಕೈಪಿಡಿಯಲ್ಲಿತ್ತು. ಅದನ್ನು ಹೇಳಿದರೆ ಇಡೀ ತರಗತಿ ಮಿಕಿಮಿಕಿ ನೋಡಿತು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆ ಕೇಳಿ ಬೆಳೆದ ಮಕ್ಕಳು. ಮಳೆ ಹೋದಾಗ ಹಂಚಿನ ಮೇಲೆ ಸಗಣಿಯ ಗುರ್ಚಿ ಇಟ್ಟು, ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗಿ ಕೊಡದ ನೀರು ಹಾಕಿಸಿಕೊಂಡವರು. ಅವರಿಗೆ ಮಳೆಯ ದಿನ ಕಷ್ಟದ ದಿನ ಹೇಗಾದೀತು?

ರಾತ್ರಿ ಕೂತು ಲೆಕ್ಕ ನೋಡಿದೆ. ಲಂಡನ್ನಿಗೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ನಮ್ಮ ಕೊಪ್ಪಳ ಜಿಲ್ಲೆಗೂ ಹೆಚ್ಚೂಕಡಿಮೆ ಅಷ್ಟೇ! ಅಲ್ಲಿ ಅದು ಹನ್ನೆರಡು ತಿಂಗಳೂ ಜಿಟಿಜಿಟಿ ಹನಿಯುತ್ತದೆ, ಬಿಸಿಲಿಗೆ ಹಂಬಲಿಸುವಂತೆ ಮಾಡುತ್ತದೆ. ಇಲ್ಲಿ ಮಳೆಗೆ ಒಂದೊಂದು ಹೆಸರು. ಮಿರಗ ಬಂದರೆ ಹೆಸರು ಬಿತ್ತುತ್ತೇವೆ, ಉತ್ತರಿ, ಹಸ್ತ ಹಿಡಿದರೆ ಎರಿಹೊಲಕ್ಕೆ ಬಿಳಿಜೋಳ, ಕಡಲೆ. ಒಂದು ತಪ್ಪಿದರೆ ಆ ಬೆಳೆ ಹೋದಂತೆಯೇ. ಬೀಳುವ ನೀರು ಒಂದೇ ಅಳತೆ, ಅದರಿಂದ ಹುಟ್ಟಿದ ಮಾತುಗಳು ಮಾತ್ರ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ.

ಅಂದಿನಿಂದ ಪಾಠದ ಪಟ್ಟಿಯಲ್ಲೆಲ್ಲ ನನಗೆ ಹವೆಯೇ ಕಾಣತೊಡಗಿತು. ಚಳಿಯ ನಾಡಿನವರು ಬೇಕಾದವರಿಗೆ 'ವಾರ್ಮ್ ವೆಲ್‌ಕಮ್' ಕೊಡುತ್ತಾರೆ, ಬೇಡವಾದವರಿಗೆ 'ಕೋಲ್ಡ್ ಶೋಲ್ಡರ್'. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮೂರ ಕಡೆ ಬಿಸಿ ಮುಟ್ಟಿಸುವುದೆಂದರೆ ಬುದ್ಧಿ ಕಲಿಸುವುದು. ಮಜ್ಜಿಗೆ ಕುಡಿದ ದಾರಿಹೋಕ ಚರಿಗೆ ಕೆಳಗಿಟ್ಟು ಹರಸುವುದು, "ನಿನ್ನ ಹೊಟ್ಟಿ ತಣ್ಣಗಿರಲಿ ತಾಯಿ" ಎಂದೇ.

ಮರುದಿನ ಮಕ್ಕಳಿಗೆ ಆ ದೇಶದ ಜಿಟಿಮಳೆಯ ಕತೆ ಹೇಳಿದೆ. ಅದೇ ಹುಡುಗಿ ಕೇಳಿದಳು, "ಅಷ್ಟು ಮಳಿ ಬಂದ್ರೂ ಅವರಿಗೆ ಬ್ಯಾಸರನ್ರಿ ಸರ್?"

"ಹೌದವ್ವಾ" ಎಂದೆ. ಪರೀಕ್ಷೆಯಲ್ಲಿ ಕೈಪಿಡಿಯ ಅರ್ಥವನ್ನೇ ಬರೆಯಿರಿ ಎಂದೂ ಹೇಳಿದೆ. ನನ್ನ ಪಾಠದ ಟಿಪ್ಪಣಿಯಲ್ಲಿ ಆ ನುಡಿಗಟ್ಟಿನ ಎದುರು ಈಗ ಎರಡು ಅರ್ಥಗಳಿವೆ. ಎರಡನೆಯದನ್ನು ಅವಳ ಮಾತಿನಲ್ಲೇ ಬರೆದುಕೊಂಡಿದ್ದೇನೆ.