ಅಂಕಿಯೂ ಆಯುಷ್ಯವೂ

ಮಲೆನಾಡಿನ ಒಂದು ಅಡಕೆ ತೋಟದ ಮನೆ. ಅದರ ಯಜಮಾನರಿಗೆ ಊಟವಾದೊಡನೆ ತಾಂಬೂಲ ಮೆಲ್ಲುವ ನಲವತ್ತು ವರ್ಷಗಳ ಅಭ್ಯಾಸ. ಎಲೆ, ಅಡಕೆ, ಸುಣ್ಣದೊಡನೆ ಒಂದು ಚಿಟಿಕೆ ಹೊಗೆಸೊಪ್ಪು. ಒಮ್ಮೆ ಅವರ ಬಲಗೆನ್ನೆಯ ಒಳಭಾಗದಲ್ಲಿ ಹುಣ್ಣೊಂದು ಎದ್ದಿತು. ಮೂರು ತಿಂಗಳು ಕಳೆದರೂ ಮಾಯಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅದರ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂಬುದು ಖಚಿತವಾಯಿತು.

ಮಗನು ಓದಿದವನು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗುವ ಮೊದಲೇ ಈ ರೋಗದ ಬಗೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದನು. ಟಿಪಿ53 ಎಂಬ ವಂಶವಾಹಿಯ ಹೆಸರು ಅವನ ಮನಸ್ಸಿನಲ್ಲಿ ನಾಟಿತು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಪಡೆದ 420 ರೋಗಿಗಳ ಗೆಡ್ಡೆಗಳನ್ನು ಪರಿಶೀಲಿಸಲಾಗಿತ್ತು. ಅವರಲ್ಲಿ 224 ಜನರ ಗೆಡ್ಡೆಗಳಲ್ಲಿ ಈ ವಂಶವಾಹಿ ಕೆಟ್ಟಿತ್ತು. ಅದರ ಕೆಲಸವನ್ನೇ ಕೆಡಿಸುವಂಥ ಬದಲಾವಣೆ ಇದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಇದನ್ನೋದಿದ ಮಗನು ಎರಡು ತೀರ್ಮಾನಗಳಿಗೆ ಬಂದನು: ತಂದೆ ಉಳಿಯುವುದಿಲ್ಲ, ಮದುವೆ ನಿಶ್ಚಯವಾಗಬೇಕಿರುವ ತಂಗಿಗೂ ಈ ದೋಷ ಬಂದಿರುತ್ತದೆ. ಎರಡನ್ನೂ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡನು. ಅದನ್ನೇ ಕರುಣೆ ಎಂದು ಭಾವಿಸಿದನು.

ಕೊನೆಗೊಂದು ದಿನ ಭಾರ ತಾಳಲಾರದೆ ವೈದ್ಯರ ಮುಂದೆ ಬಾಯಿಬಿಟ್ಟನು. ವೈದ್ಯರು ಮೊದಲು ತಂಗಿಯ ವಿಷಯವನ್ನೇ ಎತ್ತಿಕೊಂಡರು. "ವಂಶವಾಹಿ ಎಂಬ ಹೆಸರು ಕೇಳಿದೊಡನೆ ವಂಶದಿಂದ ಬಂದ ದೋಷವೆಂದು ನೀವು ತಿಳಿದಿರಿ. ಇಲ್ಲಿ ಹಾಗಲ್ಲ" ಎಂದರು. ಹದಿನೇಳನೆಯ ವರ್ಣತಂತುವಿನಲ್ಲಿರುವ ಈ ವಂಶವಾಹಿ ಜೀವಕೋಶಕ್ಕೆ ಕಾವಲುಗಾರನಿದ್ದಂತೆ. ಕೋಶಕ್ಕೆ ಹಾನಿಯಾದರೆ ಅದು ವಿಭಜನೆಯನ್ನು ತಡೆಯುತ್ತದೆ, ದುರಸ್ತಿಗೆ ಅವಕಾಶ ಕೊಡುತ್ತದೆ, ದುರಸ್ತಿಯಾಗದಿದ್ದರೆ ಕೋಶವು ತಾನೇ ಸಾಯುವಂತೆ ಮಾಡುತ್ತದೆ. ಹೊಗೆಸೊಪ್ಪು, ಅಡಕೆಗಳ ರಸ ವರ್ಷಗಟ್ಟಲೆ ತಾಗಿದ ಕೆನ್ನೆಯ ಕೋಶಗಳಲ್ಲಿ ಈ ಕಾವಲೇ ಕೆಡಬಹುದು. ಆ ಕೆಡುಕು ಆ ಗೆಡ್ಡೆಯೊಳಗಿನದು; ಮಕ್ಕಳಿಗೆ ಹರಿದುಬರುವಂಥದಲ್ಲ. ಹುಟ್ಟಿನಿಂದಲೇ ಟಿಪಿ53 ಕೆಟ್ಟಿರುವ ಕುಟುಂಬಗಳುಂಟು, ಆದರೆ ಬಹಳ ಅಪರೂಪ. ಅಲ್ಲಿ ಚಿಕ್ಕ ವಯಸ್ಸಿನಲ್ಲೇ ಬೇರೆ ಬೇರೆ ಬಗೆಯ ಕ್ಯಾನ್ಸರುಗಳು ಕಾಣಿಸಿಕೊಳ್ಳುತ್ತವೆ.

ಬಳಿಕ ಅಂಕಿಯ ಮಾತು ಬಂದಿತು. ಗಂಟಲಿನ ಕ್ಯಾನ್ಸರುಗಳಲ್ಲಿ ಕೆಲವು ಪ್ಯಾಪಿಲೋಮಾ ಎಂಬ ವೈರಸ್ಸಿನಿಂದ ಬರುತ್ತವೆ. ಅವುಗಳಲ್ಲಿ ಟಿಪಿ53 ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. 2010ರ ಅಧ್ಯಯನವೊಂದರಲ್ಲಿ ಅಂಥ ರೋಗಿಗಳಲ್ಲಿ ನೂರಕ್ಕೆ 82 ಮಂದಿ ಮೂರು ವರ್ಷಗಳ ನಂತರವೂ ಬದುಕಿದ್ದರು. ಆ ವೈರಸ್ ಇಲ್ಲದವರಲ್ಲಿ 57 ಮಂದಿ. ಈ ಅಂಕಿಗಳೆಲ್ಲ ನಿಜ. ಆದರೆ ಅವು ಸಮೂಹದ ಮಾತು. ಆ 57ರಲ್ಲಿ ಇರುವವನು ಯಾರು, ಉಳಿದ 43ರಲ್ಲಿ ಇರುವವನು ಯಾರು ಎಂಬುದನ್ನು ಅಂಕಿ ಹೇಳಲಾರದು. ಗೆಡ್ಡೆ ಎಷ್ಟು ಬೆಳೆದಿದೆ, ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯೇ, ಅಂಚಿನಲ್ಲಿ ರೋಗ ಉಳಿಯದಂತೆ ಕೊಯ್ದು ತೆಗೆಯಲಾಯಿತೇ ಎಂಬುದನ್ನೇ ವೈದ್ಯರು ಮುಖ್ಯವಾಗಿ ನೋಡುತ್ತಾರೆ. ಒಂದು ಕಡೆಯಿಂದ ಕಂಡ ಸತ್ಯವನ್ನು ಪೂರ್ಣಸತ್ಯವೆಂದು ತಿಳಿದದ್ದೇ ಮಗನ ತಪ್ಪಾಗಿತ್ತು.

ಆ ಸಂಜೆ ಅವನು ತಂದೆಯ ಬಳಿ ಕುಳಿತು ಎಲ್ಲವನ್ನೂ ಹೇಳಿದನು. ತಂದೆ ಶಾಂತರಾಗಿ ಕೇಳಿ, "ನೀವೆಲ್ಲ ನನ್ನ ಮುಂದೆ ದನಿ ತಗ್ಗಿಸಿದ ದಿನವೇ ನನಗೆ ಅರ್ಧ ತಿಳಿದಿತ್ತು. ತಿಳಿಯದ ಇನ್ನರ್ಧವೇ ರಾತ್ರಿಯೆಲ್ಲ ನಿದ್ದೆ ಕೆಡಿಸುತ್ತಿತ್ತು" ಎಂದರು. ಮನೆಯವರು ಕರುಣೆಯೆಂದು ಕಾಪಾಡಿದ ಮೌನ ರೋಗಿಗೆ ಹಿಂಸೆಯಾಗಿತ್ತು. ಹಾಗೆಂದು, ಓದಿದ ಅಂಕಿಯನ್ನು ಮೊದಲ ದಿನವೇ ಅವರ ಮುಂದೆ ಎಸೆದಿದ್ದರೆ ಅದೂ ಹಿಂಸೆಯೇ ಆಗುತ್ತಿತ್ತು. ಸತ್ಯವನ್ನು ಹೇಳುವವನು ಅದರ ಮಿತಿಯನ್ನೂ ಹೇಳಬೇಕು. ಹೇಳಿದ ಮೇಲೆ ಎದ್ದುಹೋಗದೆ ಪಕ್ಕದಲ್ಲಿ ಕುಳಿತಿರಬೇಕು.

ಯಜಮಾನರು ಇನ್ನೊಂದು ಪ್ರಶ್ನೆ ಕೇಳಿದರು: "ಹೊಗೆಸೊಪ್ಪು ಬಿಟ್ಟು ಬರಿ ಅಡಕೆ ಹಾಕಿದ್ದರೆ?" ಆ ಮನೆಯಲ್ಲಿ ಇದಕ್ಕೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ಅಡಕೆಯೂ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಮಗನು ಅದನ್ನೂ ಮರೆಮಾಚಲಿಲ್ಲ. ತೋಟದಿಂದಲೇ ಅನ್ನ ಉಂಡ ಕುಟುಂಬವದು; ಉತ್ತರ ಕೇಳಿ ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳು ಮುಗಿದು ಊರಿಗೆ ಮರಳಿದ ಮೇಲೆ ಯಜಮಾನರು ತೋಟ ಮಾರಲಿಲ್ಲ. ಅಡಕೆ ಮರಗಳ ನಡುವೆ ಕಾಳುಮೆಣಸಿನ ಬಳ್ಳಿ ಹೆಚ್ಚಿಸಿದರು. ಮಾತು ಇನ್ನೂ ತೊದಲುತ್ತಿದ್ದಾಗಲೇ, ಎಲೆಯಡಕೆ ಹಾಕುವ ಕೆಲಸದವರನ್ನೆಲ್ಲ ಜೀಪಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಾಯಿ ತೋರಿಸಿದರು. ಒಬ್ಬಳ ಕೆನ್ನೆಯೊಳಗೆ ಬಿಳಿಯ ಮಚ್ಚೆ ಕಂಡಿತು, ಇನ್ನೂ ಹುಣ್ಣಾಗಿರಲಿಲ್ಲ. ತನಗೆ ಎಷ್ಟು ವರ್ಷ ಉಳಿದಿದೆ ಎಂದು ಯಜಮಾನರು ಯಾರನ್ನೂ ಕೇಳಲಿಲ್ಲ. ಅವಳ ಮುಂದಿನ ಪರೀಕ್ಷೆಯ ದಿನವನ್ನು ಮಾತ್ರ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟರು.