ಉತ್ತರಪತ್ರಿಕೆಯ ಎರಡನೆಯ ಓದು

ಹಲಸೂರಿನ ಕೆರೆಯ ಬಳಿ ನನ್ನ ಮನೆ. ಭಾಷಾಶಾಸ್ತ್ರವನ್ನು ಬೋಧಿಸುವುದು ನನ್ನ ವೃತ್ತಿ. ಒಂದು ವರ್ಷ ಎಂ. ಎ. ತರಗತಿಯವರಿಗೆ, “ಹಲಸೂರೆಂಬ ಹೆಸರು ಹೇಗೆ ಬಂದಿತು? ಆಧಾರಸಹಿತವಾಗಿ ವಿಚಾರಿಸಿರಿ” ಎಂದು ಕೆಲಸ ಕೊಟ್ಟೆನು.

ಒಬ್ಬನು ಹಲಸಿನ ತೋಪಿನ ಕಥೆಯನ್ನು ಸೊಗಸಾಗಿ ಬರೆದಿದ್ದನು. ಒಬ್ಬ ಹುಡುಗಿಯಾದರೋ ಸೋಮೇಶ್ವರ ದೇವಾಲಯದ ಬೀದಿಗಳಲ್ಲಿ ಅಲೆದು, ಕನ್ನಡಿಗರ ಉಚ್ಚಾರಣೆಯನ್ನೂ ತಮಿಳರ ಉಚ್ಚಾರಣೆಯನ್ನೂ ಬೇರೆಬೇರೆಯಾಗಿ ಗುರುತಿಸಿಕೊಂಡು ಬಂದಿದ್ದಳು. “ಹಳಗನ್ನಡದ ಪಕಾರವು ಮುಂದೆ ಹಕಾರವಾಯಿತು. ಊರು ಪ್ರಾಚೀನವಾಗಿದ್ದು, ಹೆಸರು ಹಲಸಿನಿಂದಲೇ ಬಂದುದಾದರೆ, ಹಳೆಯ ಶಾಸನಗಳಲ್ಲಿ ಪಕಾರದ ರೂಪವನ್ನು ಹುಡುಕಬೇಕು. ನನಗೆ ಇನ್ನೂ ದೊರೆತಿಲ್ಲ, ಆದುದರಿಂದ ನಿರ್ಣಯಿಸಲಾರೆ” ಎಂದು ಮುಗಿಸಿದ್ದಳು. ನಿರ್ಣಯವಿಲ್ಲದ ಬರಹವೆಂದು ಅವಳಿಗೆ 40 ಅಂಕಗಳನ್ನೂ ಅವನಿಗೆ 70 ಅಂಕಗಳನ್ನೂ ಕೊಟ್ಟೆನು.

ಆ ರಾತ್ರಿ ನಿದ್ರೆ ಬರಲಿಲ್ಲ. ಹೊಯ್ಸಳ ಬಲ್ಲಾಳರಾಯನು ಮುದುಕಿಯೊಬ್ಬಳ ಕೈಯಿಂದ ಬೆಂದ ಕಾಳನ್ನುಂಡುದರಿಂದ ಬೆಂಗಳೂರಾಯಿತೆಂಬ ಕಥೆಯನ್ನು ಬಾಲ್ಯದಲ್ಲಿ ನಾನೂ ನಂಬಿದ್ದವನೇ. ಬಲ್ಲಾಳನ ಕಾಲ 12ನೆಯ ಶತಮಾನ. ಬೇಗೂರಿನ ಶಿಲಾಶಾಸನವಾದರೋ ಸುಮಾರು 890ರಲ್ಲಿಯೇ ಬೆಂಗಳೂರನ್ನು ಹೆಸರಿಸುವುದು. ಇದನ್ನು ತಿಳಿದ ಮೇಲೆಯೇ ನನ್ನ ನಂಬಿಕೆ ಕಳಚಿತು. ಹಾಗಿದ್ದೂ ಕಥೆಗೆ ಅಂಕವನ್ನಿತ್ತು, ಕಲ್ಲನ್ನು ಹುಡುಕಹೊರಟವಳನ್ನು ಕೆಳಗಿಳಿಸಿದೆನಲ್ಲಾ! ಹುಡುಗನ ಊಹೆ ನಿಜವೇ ಇರಬಹುದು. ಆದರೆ ನಾನು ಅಳೆಯಬೇಕಾಗಿದ್ದುದು ಸೇರಿದ ಊರನ್ನಲ್ಲ, ನಡೆದ ದಾರಿಯನ್ನು.

ದೀಪ ಹೊತ್ತಿಸಿ ಎಲ್ಲ ಪತ್ರಿಕೆಗಳನ್ನೂ ಮತ್ತೆ ಓದಿ, ಅಂಕಗಳನ್ನು ತಿದ್ದಿದೆನು. ಅದಕ್ಕೆ ಹಿಂದಿನ ವರ್ಷಗಳ ಪತ್ರಿಕೆಗಳು ಮಾತ್ರ ಮರಳಿ ಬರುವಂತಿರಲಿಲ್ಲ.

ವಾಚಕ ಮಹಾಶಯರೆ, ನಿಮ್ಮ ಮನೆಯ ಮಗುವು “ಗೊತ್ತಿಲ್ಲ, ಆದರೆ ಎಲ್ಲಿ ಹುಡುಕಬೇಕೆಂದು ಬಲ್ಲೆ” ಎಂದರೆ ಗದರಿಸಬೇಡಿರಿ. ವಿದ್ಯೆಯು ಅಲ್ಲಿಂದಲೇ ಮೊದಲಾಗುವುದು.